ಗರಸು ಮಣ್ಣು ಲೋಡಿಗೆ ಎಷ್ಟು ಕೂರ್ತದೆ ಅಂತ ಲ್ಯಾಬಲ್ಲಿ ನೋಡುವ ಕ್ರಮ, ನಮ್ಮ ಮುರಕಲ್ಲಿನ ಊರಿಗೆ ಹೊಂದುವ ಹಾಗೆ

ನಮ್ಮಲ್ಲಿಗೆ ಸೈಟಿಂದ ಗೋಣಿಯಲ್ಲಿ ಮಣ್ಣು ತಂದು ಇಳಿಸುವವರು ಸಾಧಾರಣ ಹೇಳುವ ಮಾತು ಒಂದೇ, "ಸರ್, ಇದಕ್ಕೊಂದು ಟ್ರಯಾಕ್ಸಿಯಲ್ ಮಾಡಿ ಕೊಡಿ, ನಾಳಿದ್ದಿಗೆ ರಿಪೋರ್ಟ್ ಬೇಕು". ಟ್ರಯಾಕ್ಸಿಯಲ್ ಅಂದ್ರೆ ಮಣ್ಣಿನ ಸ್ಯಾಂಪಲಿಗೆ ರಬ್ಬರ್ ಮೆಂಬ್ರೇನ್ ಸುತ್ತಿ, ನೀರು ತುಂಬಿದ ಸೆಲ್ಲಲ್ಲಿ ಇಟ್ಟು ಸುತ್ತಲಿಂದ ಒತ್ತಿ (ಸೆಲ್ ಪ್ರೆಶರ್ ಅಂದ್ರೆ ಇದೇ), ಮೇಲಿಂದ ಲೋಡು ಹಾಕಿ ನೋಡುವ ಟೆಸ್ಟ್. ಗೋಣಿ ಬಿಚ್ಚಿದ್ರೆ ಒಳಗೆ ಮುಷ್ಟಿ ಗಾತ್ರದ ಮುರಕಲ್ಲಿನ (ಲ್ಯಾಟರೈಟ್) ತುಂಡು, ಅದರ ಸಂದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗರಸು, ಎಲ್ಲದಕ್ಕೂ ಮೆತ್ತಿಕೊಂಡ ಕೆಂಪು ಹಳದಿ ಜಿಗಟು. ಮತ್ತೆ ಲ್ಯಾಬಲ್ಲಿ ಇರುವ ಮಷೀನು ಎಂತದ್ದು, 38 ಮಿ.ಮೀ. ಸ್ಯಾಂಪಲಿನದ್ದು! ಆಗ ಹೆಚ್ಚಿನವರು ಮಾಡುವ ಕೆಲಸ ಗೊತ್ತುಂಟಲ್ಲ, ದೊಡ್ಡದನ್ನೆಲ್ಲ ಜರಡಿ ಹಿಡಿದು ಆಚೆ ಬಿಸಾಡುವುದು, ಉಳಿದ ಹುಡಿಗೆ ಟೆಸ್ಟ್ ಮಾಡಿ ಅದೇ ಗುಡ್ಡದ ಮಣ್ಣಿನ ರಿಪೋರ್ಟ್ ಅಂತ ಕೊಡುವುದು. ಗರಸು ತೆಗೆದ ಮೇಲೆ ಉಳಿಯುವುದು ಬೇರೆಯೇ ಮಣ್ಣು ಮಾರಾಯ್ರೆ, ಅದರ ನಂಬರಿಗೂ ಸೈಟಿಗೂ ಸಂಬಂಧ ಇಲ್ಲ.

ಇದು ಎಂ.ಟೆಕ್ ಮಾಡುವ ಮಕ್ಕಳಿಗೆ, ಟೆಸ್ಟಿಂಗ್ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ, ಮತ್ತೆ ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಎಂತ ಕೇಳ್ಬೇಕು ಅಂತ ಗೊತ್ತಾಗದ ಸೈಟ್ ಇಂಜಿನಿಯರಿಗೆ ಬರೆದದ್ದು. ನಾನು ಜಾಸ್ತಿ ಕೈ ಹಾಕಿದ್ದು ಮುರಕಲ್ಲಿನ ಗರಸಿಗೆ, ಹಾಗಾಗಿ ಅದರದ್ದೇ ಮಾತು ಜಾಸ್ತಿ ಬರ್ತದೆ. ಹೊಳೆ ಗರಸಿಗೂ ಕ್ರಶರ್ ಜಲ್ಲಿಗೂ ಕ್ರಮ ಅದೇ, ಆದ್ರೆ ಅವು ಇಷ್ಟು ಕಾಟ ಕೊಡುವುದಿಲ್ಲ.

ಮೊದಲು ಒಳಗೆ ಎಂತ ಆಗ್ತದೆ ಅಂತ ತಿಳ್ಕೊಳ್ಳುವ

ಸೇರಿಗೆ ಕುಚ್ಚಲಕ್ಕಿ ತುಂಬಿ ಎರಡು ಸಲ ನೆಲಕ್ಕೆ ಕುಟ್ಟಿದ್ರೆ ಅಕ್ಕಿ ಕೆಳಗೆ ಇಳೀತದೆ, ಮತ್ತೆ ಕುಟ್ಟಿದ್ರೆ ಸ್ವಲ್ಪವೇ ಇಳೀತದೆ, ಆಮೇಲೆ ಎಷ್ಟು ಕುಟ್ಟಿದ್ರೂ ಇಲ್ಲ. ಗರಸಿಗೆ ಲೋಡು ಹಾಕಿದಾಗ ಆಗುವ ಮೊದಲನೇ ಸಂಗತಿ ಇದು, ಕಾಳು ಜಾರಿ ಸಂದಿ ಹುಡುಕಿ ಕೂರುವುದು. ಈ ಕೂತದ್ದು ಲೋಡು ತೆಗೆದ್ರೆ ವಾಪಸ್ ಬರುವುದಿಲ್ಲ. ಕಾಳಿಗೆ ಕಾಳು ತಾಗುವ ಜಾಗದಲ್ಲಿ ಸ್ಪ್ರಿಂಗಿನ ಹಾಗೆ ಒತ್ತಿ ಬಿಡುವ ಭಾಗ ಉಂಟು, ಆದ್ರೆ ಅದು ತುಂಬ ಸಣ್ಣದು.

ಎರಡನೇದು ಹತ್ತುವುದು. ಒತ್ತಾಗಿ ಕೂತ ಕಾಳು ಜಾರ್ಲಿಕ್ಕೆ ಜಾಗ ಇಲ್ಲದೆ ಪಕ್ಕದ ಕಾಳಿನ ಮೇಲೆ ಹತ್ತಿ ದಾಟ್ಬೇಕು, ಹತ್ತುವಾಗ ಇಡೀ ಮಣ್ಣು ಉಬ್ಬುತ್ತದೆ. ಡೈಲೇಷನ್ ಅಂತ ಹೇಳುವುದು ಇದಕ್ಕೆ. ನಂಬಿಕೆ ಬರದಿದ್ರೆ ಮಲ್ಪೆಯಲ್ಲಿಯೋ ತಣ್ಣೀರುಬಾವಿಯಲ್ಲಿಯೋ ಅಲೆ ಈಗಷ್ಟೇ ಹಿಂದೆ ಹೋದ ಒದ್ದೆ ಹೊಯಿಗೆ ಮೇಲೆ ಕಾಲಿಟ್ಟು ನೋಡಿ, ಪಾದದ ಸುತ್ತ ಹೊಯಿಗೆ ಒಂದು ಕ್ಷಣ ಒಣಗಿದ ಹಾಗೆ ಬೆಳ್ಳಗಾಗ್ತದೆ. ಒತ್ತಿದ್ರೆ ನೀರು ಮೇಲೆ ಬರ್ಬೇಕಿತ್ತಲ್ಲ? ಬರುವುದಿಲ್ಲ, ಯಾಕಂದ್ರೆ ಕಾಳು ಒಂದರ ಮೇಲೊಂದು ಹತ್ತಿ ಸಂದಿ ದೊಡ್ಡದಾಗಿ ನೀರು ಕೆಳಗೆ ಎಳೆದುಕೊಂಡು ಹೋಗ್ತದೆ. ಆಸ್ಬೋರ್ನ್ ರೆನಾಲ್ಡ್ಸ್ 1885ರಲ್ಲಿ ಡೈಲೇಟೆನ್ಸಿ ಅಂತ ಹೆಸರು ಕೊಟ್ಟು ವಿವರಿಸಿದ್ದು ಇದನ್ನೇ.

ಮೂರನೇದು ಒಡೆಯುವುದು, ನಮ್ಮ ಊರಿಗೆ ಮುಖ್ಯವಾದದ್ದು ಇದು. ನೇತ್ರಾವತಿಯ ಹೊಳೆ ಗರಸಿನ ಬಿಳಿ ಕಾಳು ಉರುಟಾಗಿ ಗಟ್ಟಿ ಇರ್ತದೆ, ಕ್ರಶರ್ ಜಲ್ಲಿ ಗಟ್ಟಿಯಾದ್ರೂ ಅದರ ಮೂಲೆ ಚಕ್ಕೆ ಏಳ್ತದೆ, ಮುರಕಲ್ಲಿನ ಗರಸು ಮಾತ್ರ ಕೆಲವು ಕಾಳು ಸುತ್ತಿಗೆಗೆ ಬಗ್ಗುವುದಿಲ್ಲ, ಕೆಲವು ಹೆಬ್ಬೆರಳಲ್ಲೇ ಹುಡಿ. ಒಂದೇ ಗೋಣಿಯಲ್ಲಿ ಎರಡೂ ಉಂಟು. ಬಜ್ಪೆ, ಕೊಣಾಜೆ, ಮಣಿಪಾಲ ಎಲ್ಲ ಮುರಕಲ್ಲಿನ ಗುಡ್ಡದ ತಲೆಯೇ, ಮೇಲೆ ಗಾಳಿ ಬಿಸಿಲಿಗೆ ಕಬ್ಬಿಣದ ಅಂಶ ಗಟ್ಟಿಯಾದ ಪದರ, ಕೆಳಗೆ ಹೋದ ಹಾಗೆ ಮೆದು, ಅದರಡಿಗೆ ಶೇಡಿ ಅನ್ನುವ ನುಣ್ಣನೆ ಮೆದು ಮಣ್ಣು. ಜೆಸಿಬಿಯವ ಎಲ್ಲ ಒಟ್ಟಿಗೆ ಗೀರಿ ಟಿಪ್ಪರಿಗೆ ತುಂಬ್ತಾನೆ, ಲ್ಯಾಬಿಗೆ ಬರುವುದು ಆ ಕಲಸುಮೇಲೋಗರ.

ಹಾಗಾಗಿ ಗರಸು ಮಣ್ಣು ಎಷ್ಟು ಕೂತಿತು ಅನ್ನುವ ನಂಬರ್ ಒಂದೇ ಸಾಕಾಗುದಿಲ್ಲ, ಅದರಲ್ಲಿ ಜಾರಿದ್ದೆಷ್ಟು ಒಡೆದದ್ದೆಷ್ಟು ಅಂತ ಬೇಕು. ಅದಕ್ಕೆ ದೊಡ್ಡ ಮಷೀನಿಗಿಂತ ಮೊದಲು ಬೇಕಾದದ್ದು ಮೂರು ಸಲ ಜರಡಿ ಹಿಡಿಯುವ ತಾಳ್ಮೆ. ಗೋಣಿಯಿಂದ ತೆಗೆದಾಗ ಒಂದು ಸಲ, ಮೋಲ್ಡಲ್ಲಿ ಕುಟ್ಟಿದ ಮೇಲೆ ಒಂದು ಸಲ, ಟೆಸ್ಟ್ ಮುಗಿದ ಮೇಲೆ ಒಂದು ಸಲ.

ಸ್ಯಾಂಪಲ್ ತರುವುದು, ಒಣಗಿಸುವುದು

ಟಿಪ್ಪರ್ ಸುರಿದ ರಾಶಿಯ ಬುಡದಿಂದ ತೆಗೀಬೇಡಿ, ದೊಡ್ಡ ಕಲ್ಲು ಉರುಳಿ ಅಲ್ಲೇ ಸೇರಿರ್ತದೆ. ರಾಶಿಯನ್ನು ಜೆಸಿಬಿಯಲ್ಲಿ ಒಮ್ಮೆ ಮಗುಚಿ, ಅಲ್ಲಲ್ಲಿ ಹಾರೆ ಹಾಕಿ ತೆಗೆದು, ಟಾರ್ಪಾಲಿನ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಇಟ್ಟುಕೊಳ್ಳಿ. ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ ಹೋಗಿ. 300 ಮಿ.ಮೀ. ಅಗಲ 600 ಮಿ.ಮೀ. ಎತ್ತರದ ಒಂದು ಸ್ಯಾಂಪಲಿಗೆ ಸುಮಾರು 85 ಕೆ.ಜಿ. ಬೇಕು, ಮೂರು ಬೇರೆ ಬೇರೆ ಸೆಲ್ ಪ್ರೆಶರಿಗೆ ಮೂರು ಸ್ಯಾಂಪಲ್, ಜರಡಿಗೆ, ಕುಟ್ಟಿ ನೋಡ್ಲಿಕ್ಕೆ, ಹಾಳಾದ್ರೆ ಇರ್ಲಿ ಅಂತ ಒಂದು, ಹೀಗೆ 400 ಕೆ.ಜಿ. ಸಾಲುವುದಿಲ್ಲ ಅಂತ ಇಟ್ಟುಕೊಳ್ಳಿ. "ಎರಡು ಗೋಣಿ ತಂದಿದ್ದೇವಲ್ಲ ಸರ್" ಅಂದ್ರೆ ನಗು ಬರ್ತದೆ.

ಒಣಗಿಸುವುದರಲ್ಲಿ ಎಲ್ಲರೂ ತಪ್ತಾರೆ. ಮುರಕಲ್ಲಿನ ಮಣ್ಣನ್ನು ಸೀದಾ ಓವನಿಗೆ ಹಾಕಿ 105 ಡಿಗ್ರಿಯಲ್ಲಿ ಹುರಿದ್ರೆ ಒಳಗಿನ ಜೇಡಿಯ ಗುಣವೇ ಬದಲಾಗ್ತದೆ, ಹ್ಯಾಲೋಯ್ಸೈಟ್ ಅನ್ನುವ ಜೇಡಿ ಖನಿಜ ಇದ್ದ ಕಡೆ ಅದು ಕಳಕೊಂಡ ನೀರನ್ನು ಪುನಃ ತಕೊಳ್ಳುವುದಿಲ್ಲ, ಸಣ್ಣ ಕಾಳು ಒಟ್ಟು ಸೇರಿ ದೊಡ್ಡದಾಗಿ ಕಾಣ್ತದೆ. ನೆರಳಲ್ಲಿ ಹರಡಿ ಗಾಳಿಗೆ ಒಣಗಿಸಿ. ಜೂನ್ ಜುಲೈಯಲ್ಲಿ ಅದು ಒಣಗುವುದೇ ಇಲ್ಲ ಅನ್ನುವುದು ನಂಗೂ ಗೊತ್ತುಂಟು, ಕೊಡೆಯೇ ಒಣಗುದಿಲ್ಲ ಮತ್ತೆ ಮಣ್ಣು ಎಲ್ಲಿಂದ ಒಣಗುವುದು. ಆ ತಿಂಗಳಲ್ಲಿ ನಾವು ಫ್ಯಾನ್ ಹಾಕಿ ಎರಡು ಬಲ್ಬ್ ಇಟ್ಟು 50 ಡಿಗ್ರಿ ದಾಟದ ಹಾಗೆ ಒಣಗಿಸ್ತೇವೆ. ನೀರಿನ ಅಂಶ ಅಳೆಯುವ ಸಣ್ಣ ಡಬ್ಬಿಯನ್ನು ಓವನಿಗೆ ಹಾಕಿ, ಆದ್ರೆ ಆ ಡಬ್ಬಿಯ ಮಣ್ಣನ್ನು ಪುನಃ ಟೆಸ್ಟಿಗೆ ಬಳಸ್ಬೇಡಿ.

ಗಡ್ಡೆ ಬಿಡಿಸ್ಲಿಕ್ಕೆ ಮರದ ಕೊಡತಿಯಲ್ಲಿ ಮೆಲ್ಲ ತಟ್ಟಿ, ಕಬ್ಬಿಣದ್ದು ಬೇಡ. ಗಡ್ಡೆ ಯಾವುದು ಕಾಳು ಯಾವುದು ಅಂತ ಸಂಶಯ ಬಂದ್ರೆ ಒಂದು ರಾತ್ರಿ ನೀರಲ್ಲಿ ಹಾಕಿಡಿ, ಬೆಳಿಗ್ಗೆ ಕೈಯಲ್ಲಿ ಕರಗಿದ್ದು ಗಡ್ಡೆ, ಉಳಿದದ್ದು ಕಾಳು. ಜರಡಿಯೂ ನೀರಲ್ಲಿ ತೊಳೆದೇ ಹಿಡೀಬೇಕು. ಒಣ ಜರಡಿ ಹಿಡಿದ್ರೆ ಕಾಳಿಗೆ ಮೆತ್ತಿದ ಜಿಗಟು ಕಾಳಿನ ಲೆಕ್ಕಕ್ಕೆ ಸೇರ್ತದೆ, ಟೆಸ್ಟ್ ಆದ ಮೇಲೆ ಅದು ತೊಳೆದು ಹೋಗಿ "ಅಯ್ಯೋ ಎಷ್ಟು ಒಡೆದಿದೆ" ಅಂತ ಸುಳ್ಳು ಲೆಕ್ಕ ಬರ್ತದೆ. ಮೂರು ಜರಡಿಯನ್ನೂ ಒಂದೇ ಕ್ರಮದಲ್ಲಿ, ಸಾಧ್ಯ ಆದ್ರೆ ಒಬ್ಬರ ಕೈಯಲ್ಲೇ ಮಾಡಿಸಿ.

ಮುರಕಲ್ಲಿನ ಕಾಳಿನ ಒಳಗೇ ತೂತು ಇರ್ತದೆ, ನೀರು ಕುಡೀತದೆ. ಹಾಗಾಗಿ ಸ್ಪೆಸಿಫಿಕ್ ಗ್ರಾವಿಟಿಯನ್ನು ಗರಸಿಗೆ ಬೇರೆ, ಹುಡಿಗೆ ಬೇರೆ ತೆಗೀರಿ, ಗರಸನ್ನು 24 ಗಂಟೆ ನೆನೆಸಿ ಮೇಲ್ಮೈ ಒರೆಸಿ ತೂಗಿ. ಕಣ್ಣು ಮುಚ್ಚಿ 2.65 ಹಾಕುವ ಅಭ್ಯಾಸ ಬಿಡಿ, ಕಬ್ಬಿಣ ಜಾಸ್ತಿ ಇದ್ದಲ್ಲಿ ಅದಕ್ಕಿಂತ ಮೇಲೆ ಹೋಗ್ತದೆ, ವಾಯ್ಡ್ ರೇಶಿಯೋ (ಸಂದಿಗೂ ಕಾಳಿಗೂ ಇರುವ ಪ್ರಮಾಣ) ಎಲ್ಲ ತಪ್ತದೆ.

ದೊಡ್ಡ ಕಲ್ಲು, ಸಣ್ಣ ಮಷೀನು

ಭಾರತೀಯ ಮಾನಕ ಐಎಸ್ 1498ರ ಪ್ರಕಾರ 4.75 ಮಿ.ಮೀ.ಯಿಂದ 80 ಮಿ.ಮೀ. ತನಕ ಗ್ರಾವೆಲ್. ಸ್ಯಾಂಪಲಿನ ಅಗಲ ಅತಿ ದೊಡ್ಡ ಕಾಳಿನ ಐದಾರು ಪಟ್ಟಾದ್ರೂ ಇರ್ಬೇಕು ಅನ್ನುವುದು ಎಲ್ಲ ಕಡೆ ನಡೆಯುವ ನಿಯಮ. ಹಾಗೆ ನೋಡಿದ್ರೆ 38 ಮಿ.ಮೀ. ಸ್ಯಾಂಪಲಿಗೆ 6 ಮಿ.ಮೀ. ಕಾಳು, 100ಕ್ಕೆ 16ರಿಂದ 20, 300ಕ್ಕೆ 50ರಿಂದ 60. ನಿಯಮ ಮುರಿದ್ರೆ ಎಂತ ಆಗ್ತದೆ ಅಂದ್ರೆ ಎರಡು ದೊಡ್ಡ ಕಲ್ಲು ಮೇಲಿನ ಪ್ಲೇಟಿಂದ ಕೆಳಗಿನ ತನಕ ಕಂಬದ ಹಾಗೆ ನಿಂತು ಲೋಡು ಹೊರ್ತದೆ, ನೀವು ಮಣ್ಣಿಗೆ ಅಲ್ಲ ಕಲ್ಲಿಗೆ ಟೆಸ್ಟ್ ಮಾಡಿದ ಹಾಗೆ.

ಇದಕ್ಕೇ ಹೊರದೇಶದಲ್ಲಿ ದೊಡ್ಡ ದೊಡ್ಡ ಮಷೀನು ಕಟ್ಟಿದ್ದು. ಮೆಕ್ಸಿಕೋದಲ್ಲಿ ಮಾರ್ಸಾಲ್ ಅನ್ನುವವರು ಡ್ಯಾಮಿನ ಕಲ್ಲಿಗಾಗಿ 1130 ಮಿ.ಮೀ. ಅಗಲ 2500 ಮಿ.ಮೀ. ಎತ್ತರದ ಸ್ಯಾಂಪಲ್ ಒತ್ತಿದ್ರು, ಅಂದ್ರೆ ಆಳಿಗಿಂತ ಎತ್ತರ. ಕ್ಯಾಲಿಫೋರ್ನಿಯಾದಲ್ಲಿ ಮರಾಚಿ, ಚಾನ್, ಸೀಡ್ ಸೇರಿ ಮೂರು ಅಳತೆಯ ಸ್ಯಾಂಪಲಿಗೆ, ದೊಡ್ಡದು 36 ಇಂಚು, ಟೆಸ್ಟ್ ಮಾಡಿ 1972ರಲ್ಲಿ ಪ್ರಕಟಿಸಿದ್ರು. ಅವರು ನೋಡಿದ ಕಲ್ಲಿನಲ್ಲಿ ಕಾಳು ದೊಡ್ಡದಾದ ಹಾಗೆ ಫ್ರಿಕ್ಷನ್ ಆಂಗಲ್ (ಕಾಳು ಜಾರದೆ ಹಿಡಿದು ನಿಲ್ಲುವ ಬಲದ ಅಳತೆ) ಸ್ವಲ್ಪ ಇಳಿದಿತ್ತು. ದೊಡ್ಡ ಕಲ್ಲಿನಲ್ಲಿ ಬಿರುಕು ಇರುವ ಸಂಭವ ಜಾಸ್ತಿ, ಒಂದೊಂದು ಕಾಳಿಗೆ ಬೀಳುವ ಲೋಡೂ ಜಾಸ್ತಿ, ಬೇಗ ಒಡೀತದೆ. ಸಣ್ಣ ಸ್ಯಾಂಪಲಿನ ರಿಸಲ್ಟ್ ಯಾವಾಗ್ಲೂ ಸುರಕ್ಷಿತ ಬದಿಯಲ್ಲೇ ಇರ್ತದೆ ಅಂತ ತಿಳ್ಕೊಳ್ಳಬೇಡಿ ಅಂತ ಇಷ್ಟು ಹೇಳಿದ್ದು.

ದೊಡ್ಡ ಮಷೀನು ಇಲ್ಲದವರಿಗೆ ದಾರಿ ಮೂರು. ದೊಡ್ಡದನ್ನು ತೆಗೆದು ಬಿಸಾಡುವುದು, ಸ್ಕಾಲ್ಪಿಂಗ್ ಅಂತ. ತೆಗೆದಷ್ಟೇ ತೂಕದ ಸಣ್ಣ ಗರಸು ಸೇರಿಸುವುದು. ಇಲ್ಲಾಂದ್ರೆ ಇಡೀ ಗ್ರೇಡಿಂಗ್ ಗೆರೆಯನ್ನೇ (ಯಾವ ಅಳತೆಯ ಕಾಳು ಎಷ್ಟು ಪರ್ಸೆಂಟ್ ಅಂತ ತೋರಿಸುವ ಗೆರೆ) ಸಮಾನಾಂತರ ಎಡಕ್ಕೆ ಜರುಗಿಸಿ ಸಣ್ಣ ಅಳತೆಯಲ್ಲಿ ಅದೇ ಆಕಾರದ ಮಣ್ಣು ತಯಾರು ಮಾಡುವುದು. ಪುಸ್ತಕದವರಿಗೆ ಮೂರನೇದು ಇಷ್ಟ, ಶುದ್ಧ ಕಲ್ಲಿಗೆ ಅದು ಒಳ್ಳೆಯದೇ, ಆದ್ರೆ ನಮ್ಮ ಕೆಂಪು ಗರಸಿನಲ್ಲಿ ಮೊದಲೇ ಜೇಡಿ ತುಂಬ ಉಂಟು, ಗೆರೆ ಜರುಗಿಸಿದ್ರೆ ಜೇಡಿ ಇನ್ನೂ ಜಾಸ್ತಿಯಾಗಿ ನೀರು ಬಿಟ್ಟುಕೊಡುವ ಮಣ್ಣು ಬಿಟ್ಟುಕೊಡದ ಮಣ್ಣಾಗ್ತದೆ. ನಾನು ಎರಡನೇದನ್ನೇ ಮಾಡುವುದು. ರಸ್ತೆಯ ಮಣ್ಣಿಗೆ ಪಿಸ್ಟನ್ ಒತ್ತಿ ನೋಡುವ ಸಿಬಿಆರ್ ಟೆಸ್ಟಲ್ಲಿ 20 ಮಿ.ಮೀ.ಗಿಂತ ದೊಡ್ಡದರ ಬದಲಿಗೆ 4.75ರಿಂದ 20ರ ಒಳಗಿನದ್ದು ಹಾಕುವುದೂ ಇದೇ ಉಪಾಯ.

ಯಾಕೆ ಗರಸಿನ ಪಾಲು ಉಳಿಸ್ಕೊಳ್ಳಬೇಕು ಅಂದ್ರೆ, ತೂಕದಲ್ಲಿ 30, 40 ಪರ್ಸೆಂಟಿಗಿಂತ ಕಡಿಮೆ ಗರಸು ಇದ್ರೆ ಅದು ಪಾಯಸದ ದ್ರಾಕ್ಷಿಯ ಹಾಗೆ ಹುಡಿಯಲ್ಲಿ ತೇಲ್ತಾ ಇರ್ತದೆ, ಲೋಡು ಹೊರುವುದು ಹುಡಿಯೇ. ಅದೇ 60, 70 ದಾಟಿದ್ರೆ ಕಾಳಿಗೆ ಕಾಳು ತಾಗಿ ಅಸ್ಥಿಪಂಜರ ಆಗ್ತದೆ, ಹುಡಿ ಬರೀ ಸಂದಿ ತುಂಬುವುದಕ್ಕೆ. ಇವೆರಡು ಬೇರೆ ಬೇರೆ ಮಣ್ಣು. 65 ಪರ್ಸೆಂಟ್ ಗರಸಿನ ಮಣ್ಣಿಂದ ದೊಡ್ಡದನ್ನೆಲ್ಲ ಬಿಸಾಡಿ 35ಕ್ಕೆ ತಂದ್ರೆ ನೀವು ಗೆರೆ ದಾಟಿದ್ರಿ ಅಂತ ಅರ್ಥ.

ಮೋಲ್ಡಿಗೆ ತುಂಬುವುದು

ಜೇಡಿ 12 ಪರ್ಸೆಂಟಿಗಿಂತ ಕಡಿಮೆ ಇರುವ ಗರಸಿಗೆ ಐಎಸ್ 2720ರ 14ನೇ ಭಾಗದ ವೈಬ್ರೇಟಿಂಗ್ ಟೇಬಲ್, ಅದರಿಂದ ರಿಲೇಟಿವ್ ಡೆನ್ಸಿಟಿ (ಅತಿ ಸಡಿಲಕ್ಕೂ ಅತಿ ಒತ್ತಿಗೂ ನಡುವೆ ಮಣ್ಣು ಎಲ್ಲಿದೆ ಅನ್ನುವ ಲೆಕ್ಕ). ಅದಕ್ಕಿಂತ ಜಾಸ್ತಿ ಇದ್ರೆ 8ನೇ ಭಾಗದ ಹೆವಿ ಕಂಪ್ಯಾಕ್ಷನ್, 4.9 ಕೆ.ಜಿ. ಸುತ್ತಿಗೆ, 450 ಮಿ.ಮೀ. ಎತ್ತರದಿಂದ, ಐದು ಪದರ. ಸೈಟಲ್ಲಿ ಎಷ್ಟು ಡೆನ್ಸಿಟಿ ಸಿಗ್ತದೋ ಅದಕ್ಕೆ ಸ್ಯಾಂಪಲ್ ಮಾಡಿ, ಚಂದದ ರಿಸಲ್ಟ್ ಬರ್ಲಿ ಅಂತ ನೂರಕ್ಕೆ ನೂರು ಕುಟ್ಟಬೇಡಿ.

ಪ್ರತಿ ಪದರಕ್ಕೆ ಬೇಕಾದ ಮಣ್ಣನ್ನು ಬೇರೆ ಬೇರೆ ತಟ್ಟೆಯಲ್ಲಿ, ಜರಡಿ ಪ್ರಕಾರ ತೂಗಿ ಬೆರೆಸಿ ಇಡಿ. ಒಂದೇ ಬಕೆಟಿಂದ ಸುರಿದ್ರೆ ದೊಡ್ಡದು ಮೊದಲು ಉರುಳಿ ಬದಿಗೆ ಹೋಗ್ತದೆ, ಸ್ಯಾಂಪಲಿನ ಕೆಳಗೆ ಕಲ್ಲು ಮೇಲೆ ಹುಡಿ. ಪದರದ ಮೇಲ್ಮೈ ಗೀರಿ ಮುಂದಿನದ್ದು ಹಾಕಿ. ಇದೇ ಕ್ರಮದಲ್ಲಿ ಒಂದು ಸ್ಯಾಂಪಲ್ ಹೆಚ್ಚಿಗೆ ಮಾಡಿ ಅದನ್ನು ಒತ್ತದೆ ಹಾಗೇ ಬಿಚ್ಚಿ ತೊಳೆದು ಜರಡಿ ಹಿಡೀರಿ. ಎರಡನೇ ಜರಡಿ ಅಂದದ್ದು ಇದೇ. ಕುಟ್ಟುವಾಗಲೇ ಎಷ್ಟು ಒಡೀತು ಅಂತ ಗೊತ್ತಾಗ್ತದೆ, ಮೆದು ಮುರಕಲ್ಲಿನಲ್ಲಿ ಸುತ್ತಿಗೆಗೇ ಬೇಕಾದಷ್ಟು ಹುಡಿಯಾಗಿರ್ತದೆ, ಅದನ್ನು ಟೆಸ್ಟಿನ ಲೆಕ್ಕಕ್ಕೆ ಬರೀಬಾರ್ದು.

ಮೆಂಬ್ರೇನಿನ ವಿಷಯದಲ್ಲಿ ನನ್ನದೇ ಕತೆ ಹೇಳ್ತೇನೆ. ಒಮ್ಮೆ ಎರಡು ದಿನ ಸ್ಯಾಚುರೇಟ್ ಮಾಡಿ (ಸಂದಿಗೆಲ್ಲ ನೀರು ತುಂಬಿಸಿ), ಎಲ್ಲ ಸರಿ ಬಂದು, ರಾತ್ರಿ ಒಂಬತ್ತಕ್ಕೆ ಸೆಲ್ ಪ್ರೆಶರ್ ಏರಿಸಿದ್ದೇ, ಸ್ಯಾಂಪಲಿಂದ ಹೊರಬರುವ ನೀರು ಅಳೆಯುವ ಬ್ಯುರೆಟ್ಟಲ್ಲಿ ನೀರು ಸರ್ರಂತ ಏರ್ಲಿಕ್ಕೆ ಶುರು. ಒಂದು ಕಲ್ಲಿನ ಮೂಲೆ ಮೆಂಬ್ರೇನ್ ಚುಚ್ಚಿತ್ತು. ಎಲ್ಲ ಬಿಚ್ಚಿ 85 ಕೆ.ಜಿ. ಮಣ್ಣು ಬಾಚಿ ಮನೆಗೆ ಹೋಗುವಾಗ ಕೊನೇ ಬಸ್ಸೂ ಇಲ್ಲ. ಈಗ ಎರಡು ಮೆಂಬ್ರೇನ್ ಹಾಕ್ತೇನೆ, ಒಳಗಿನದ್ದು ದಪ್ಪ, ತುಂಬುವಾಗ ಚೂಪು ಮೂಲೆಯನ್ನು ಒಳಬದಿಗೆ ತಿರುಗಿಸ್ತೇನೆ. ಎರಡು ಮೆಂಬ್ರೇನ್ ಹಾಕಿದ್ರೆ ಅದೇ ಸ್ವಲ್ಪ ಲೋಡು ಹೊರ್ತದೆ, ಕಡಿಮೆ ಸೆಲ್ ಪ್ರೆಶರಲ್ಲಿ ಅದರ ಕರೆಕ್ಷನ್ ಕಳೀಲಿಕ್ಕೆ ಮರೀಬೇಡಿ.

ಮೆಂಬ್ರೇನಿನ ಇನ್ನೊಂದು ಕಿತಾಪತಿ ಕಣ್ಣಿಗೆ ಕಾಣುವುದಿಲ್ಲ. ಸೆಲ್ ಪ್ರೆಶರ್ ಏರಿಸುವಾಗ ರಬ್ಬರ್ ಹೊರಗಿನ ಕಾಳುಗಳ ಸಂದಿಗೆ ಒತ್ತಿ ಹೋಗ್ತದೆ, ಅಲ್ಲಿದ್ದ ನೀರು ಹೊರಗೆ ಬರ್ತದೆ, ಬ್ಯುರೆಟ್ ನೋಡಿದ್ರೆ ಮಣ್ಣು ಕುಗ್ಗಿತು ಅಂತ ಕಾಣ್ತದೆ, ಮಣ್ಣು ಕುಗ್ಗಿಯೇ ಇರುದಿಲ್ಲ. ಕಾಳು ದೊಡ್ಡದಾದಷ್ಟು ಇದು ಜಾಸ್ತಿ. ಸೆಲ್ ಪ್ರೆಶರ್ ಬದಲಿಸದೆ ನೀರು ಬಿಟ್ಟು ಶಿಯರ್ ಮಾಡುವಾಗ (ಮೇಲಿಂದ ಒತ್ತಿ ಕಾಳು ಜಾರಿಸುವಾಗ) ಇದರ ತೊಂದರೆ ಕಡಿಮೆ, ಸೆಲ್ ಪ್ರೆಶರ್ ಹಾಕಿ ನೀರು ಹಿಂಡುವ ಕನ್ಸಾಲಿಡೇಷನ್ ಹಂತದಲ್ಲಿ ಜಾಸ್ತಿ, ನೀರು ಬಂದ್ ಮಾಡಿ ಒತ್ತುವ ಅನ್‌ಡ್ರೈನ್ಡ್ ಟೆಸ್ಟಲ್ಲಂತೂ ಸಂದಿಯ ನೀರಿನ ಒತ್ತಡ, ಪೋರ್ ಪ್ರೆಶರೇ, ಮೋಸ ಮಾಡ್ತದೆ. ಗರಸಿಗೆ ಅನ್‌ಡ್ರೈನ್ಡ್ ಬೇಡ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ, ಭೂಕಂಪದ ಲೆಕ್ಕ ಬೇಕಾದವರ ಮಾತು ಬೇರೆ.

ನೀರು ತುಂಬಿಸುವುದು

ಮೊದಲು ಕಡಿಮೆ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಕೆಳಗಿಂದ ಮೆಲ್ಲ ಬಿಡಿ, ಅದು ಗಾಳಿಯನ್ನು ಹೊರಗೆ ತಳ್ತದೆ, ನೀರಲ್ಲಿ ಬೇಗ ಕರಗ್ತದೆ. ಆಮೇಲೆ ಗಾಳಿ ತೆಗೆದ ನೀರು ಕೆಳಗಿಂದ ಮೇಲಕ್ಕೆ. ರಭಸದಲ್ಲಿ ಬಿಟ್ಟರೆ ಜೇಡಿ ತೊಳೆದು ಮೇಲಿನ ಪೋರಸ್ ಸ್ಟೋನಿಗೆ (ನೀರು ದಾಟುವ ತೂತಿನ ಕಲ್ಲಿಗೆ) ಹೋಗಿ ಕೂರ್ತದೆ. ಬ್ಯಾಕ್ ಪ್ರೆಶರ್ (ಸಂದಿಯ ನೀರಿಗೇ ಕೊಡುವ ಒತ್ತಡ) 200, 300 ಕಿಲೋಪಾಸ್ಕಲ್ ತನಕ ಹಂತ ಹಂತವಾಗಿ ಏರಿಸಿ ಸ್ಕೆಂಪ್ಟನ್ನರ ಬಿ ವ್ಯಾಲ್ಯೂ (ಏರಿಸಿದ ಸೆಲ್ ಪ್ರೆಶರಲ್ಲಿ ಎಷ್ಟು ಪಾಲು ಸಂದಿಯ ನೀರಿಗೆ ಬಂತು ಅನ್ನುವುದು) ನೋಡಿ, 0.95 ಬಂದ್ರೆ ಒಳ್ಳೆಯದು. ಮುರಕಲ್ಲಿನ ಕಾಳಿನ ಒಳಗಿನ ತೂತಿಂದ ಗಾಳಿ ಹೊರಗೆ ಬರ್ಲಿಕ್ಕೆ ತುಂಬ ಹೊತ್ತು ಬೇಕು, ಹಾಗಾಗಿ ಸಂಜೆ ಕನೆಕ್ಟ್ ಮಾಡಿ ರಾತ್ರಿ ಇಡೀ ಬಿಡುವುದೇ ಕ್ರಮ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋದ್ರೆ ಕಂಪ್ರೆಸರ್ ನಿಂತು ಪ್ರೆಶರ್ ಇಳೀತದೆ, ದೊಡ್ಡ ಗಾಳಿ ಟ್ಯಾಂಕ್ ಒಂದು ಮಧ್ಯದಲ್ಲಿ ಇಟ್ಟುಕೊಳ್ಳಿ.

ಸೆಲ್ ಪ್ರೆಶರ್ ಎಷ್ಟು ಅನ್ನುವುದನ್ನು ಸೈಟಿಂದ ತೆಗೀರಿ. 6 ಮೀಟರ್ ಎತ್ತರದ ಫಿಲ್ಲಿಂಗ್ ಅಂದ್ರೆ ಬುಡದಲ್ಲಿ ಲಂಬ ಒತ್ತಡ ಸುಮಾರು 120 ಕಿಲೋಪಾಸ್ಕಲ್, ಅಡ್ಡಕ್ಕೆ ಅದರ ಅರ್ಧ ಇಟ್ಟುಕೊಂಡ್ರೆ 60. ಅಂಥ ಕೆಲಸಕ್ಕೆ 50, 100, 200 ಸಾಕು. ಸುಮ್ಮನೆ ಅಭ್ಯಾಸಬಲದಲ್ಲಿ 100, 200, 400 ಹಾಕಿದ್ರೆ ಮೆದು ಕಾಳು 400ರಲ್ಲಿ ಒಡೆದು, ಒತ್ತಡಕ್ಕೆ ಎದುರು ಮಣ್ಣಿನ ಬಲ ಬರೆದ ಗೆರೆ ಬಗ್ಗುತ್ತದೆ, ಆ ಬಗ್ಗಿದ ಗೆರೆಗೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದ್ರೆ ಇಲ್ಲದ ಕೊಹಿಷನ್ (ಕಾಳಿಗೆ ಕಾಳು ಅಂಟಿದ ಬಲ) ಹುಟ್ಟಿಕೊಳ್ತದೆ. ಜಲ್ಲಿಗೆ 40 ಕಿಲೋಪಾಸ್ಕಲ್ ಕೊಹಿಷನ್ ಅಂತ ರಿಪೋರ್ಟ್ ನೋಡಿದ್ರೆ ಮೊದಲು ಇದನ್ನೇ ಕೇಳಿ.

ಒತ್ತುವುದು, ಓದುವುದು

300 ಮಿ.ಮೀ. ಸ್ಯಾಂಪಲಿಗೆ 1000 ಕಿಲೋಪಾಸ್ಕಲ್ ಹಾಕ್ಲಿಕ್ಕೆ ಏಳು ಟನ್ನಿನಷ್ಟು ಲೋಡು ಬೇಕು, ಫ್ರೇಮ್ ತಡೀತದಾ ಅಂತ ಮೊದಲೇ ನೋಡಿ. ವೇಗವನ್ನು ಕನ್ಸಾಲಿಡೇಷನ್ನಲ್ಲಿ ನೀರು ಹೊರಗೆ ಬರ್ಲಿಕ್ಕೆ ಎಷ್ಟು ಹೊತ್ತು ತಕೊಂಡಿತು ಅನ್ನುವುದರಿಂದ ನಿರ್ಧರಿಸಿ. ತೊಳೆದ ಜಲ್ಲಿ ನಿಮಿಷದಲ್ಲಿ ನೀರು ಬಿಡ್ತದೆ, ಜೇಡಿ ಇರುವ ಗರಸು ಗಂಟೆಗಟ್ಟಲೆ ಎಳೀತದೆ, ಅದನ್ನು ಜಲ್ಲಿಯ ವೇಗದಲ್ಲಿ ಒತ್ತಿದ್ರೆ ಒಳಗೆ ನೀರಿನ ಒತ್ತಡ ಕೂತು ಡ್ರೈನ್ಡ್ ಅಂತ ಹೆಸರು ಮಾತ್ರ ಉಳೀತದೆ.

ಮೇಲಿನ ಪ್ಲೇಟಿನ ಡಯಲ್ ಗೇಜನ್ನು ಶುರುವಿನಲ್ಲಿ ನಂಬಬೇಡಿ. ಗರಸಿನ ಮೇಲ್ಮೈ ಪ್ಲೇಟಿಗೆ ನಾಲ್ಕೈದು ಮೂಲೆಯಲ್ಲಷ್ಟೇ ತಾಗಿರ್ತದೆ, ಲೋಡು ಬಂದಾಗ ಆ ಮೂಲೆ ಒತ್ತಿ ಹೋಗ್ತದೆ, ಅದು ಮಣ್ಣು ಕೂತ ಲೆಕ್ಕಕ್ಕೆ ಬರ್ತದೆ. ಮೇಲೆ ಕೆಳಗೆ ತೆಳ್ಳಗೆ ಜಿಪ್ಸಮ್ ಮೆತ್ತಿ ಸಮ ಮಾಡಿದ್ರೆ ಸ್ವಲ್ಪ ಸರಿ. ಸಣ್ಣ ಸ್ಟ್ರೇನಿನ, ಅಂದ್ರೆ ಉದ್ದದಲ್ಲಿ ಸ್ವಲ್ಪವೇ ಕುಗ್ಗಿದಾಗಿನ, ಗಡಸುತನ ನಿಜಕ್ಕೂ ಬೇಕಾದ್ರೆ ಸ್ಯಾಂಪಲಿನ ಮೈಗೇ ಅಂಟಿಸುವ ಗೇಜ್ ಬೇಕು, ಟೋಕಿಯೋದ ತತ್ಸುಓಕ ಅವರ ತಂಡ 1991ರಲ್ಲಿ ತೆಳು ಲೋಹದ ಪಟ್ಟಿಯ ಅಂಥ ಗೇಜಿನ ಬಗ್ಗೆ ಬರೆದಿತ್ತು. ಫ್ಯಾಕ್ಟರಿಯ ಮಷೀನ್ ಫೌಂಡೇಷನ್ ಅಂತ ಬಂದಾಗ ಮಾತ್ರ ಆ ಖರ್ಚು ಹಾಕಿ, ರಸ್ತೆ ಕೆಲಸಕ್ಕೆ ಬೇಡ.

ಅರ್ಧ ದಾರಿಯಲ್ಲಿ, ಒಂದು ಪರ್ಸೆಂಟ್ ಸ್ಟ್ರೇನಿನ ಹತ್ತಿರ, ಲೋಡನ್ನು ಪೂರ್ತಿ ಇಳಿಸಿ ಪುನಃ ಏರಿಸಿ. ಇದನ್ನು ತಪ್ಪಿಸ್ಲೇಬೇಡಿ. ಇಳಿಸುವಾಗ ಲೋಡು-ಸ್ಟ್ರೇನ್ ಗೆರೆ ಕಡಿದಾಗಿ ಕೆಳಗೆ ಬರ್ತದೆ, ಸ್ವಲ್ಪವೇ ವಾಪಸ್ ಬರ್ತದೆ, ಬಾರದೇ ಉಳಿದದ್ದು ಸೇರಿನ ಅಕ್ಕಿಯ ಹಾಗೆ ಕೂತೇ ಹೋದದ್ದು. ರೋಲರ್ ಚೆನ್ನಾಗಿ ಓಡಿದ ರಸ್ತೆ ಮೇಲೆ ಲಾರಿ ಹೋಗುವುದು ಈ ಕಡಿದಾದ ಗೆರೆಯ ಮೇಲೆ, ಹೊಸ ಫಿಲ್ಲಿಂಗಿಗೆ ಮೊದಲ ಲೋಡು ಬೀಳುವುದು ಮಲಗಿದ ಗೆರೆಯ ಮೇಲೆ. ಎರಡಕ್ಕೂ ಒಂದೇ ಮಾಡ್ಯುಲಸ್ (ಗಡಸುತನದ ಅಳತೆ) ಹಾಕಿದ್ರೆ ಆಗುದಿಲ್ಲ. ಪ್ಲ್ಯಾಕ್ಸಿಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮಲ್ಲಿ ಹಾರ್ಡನಿಂಗ್ ಸಾಯಿಲ್ ಮಾಡೆಲ್ ತಕೊಂಡ್ರೆ ಇಳಿಸಿ ಏರಿಸುವ ಮಾಡ್ಯುಲಸ್ಸನ್ನು ಅದು ತಾನಾಗಿ ಮೂರು ಪಟ್ಟು ಅಂತ ತುಂಬಿಡ್ತದೆ, ನಿಮ್ಮ ಹತ್ರ ಅಳತೆ ಇದ್ರೆ ಅದನ್ನು ಅಳಿಸಿ ನಿಮ್ಮದು ಹಾಕಿ.

ಒತ್ತಿದ ಹಾಗೆ ಸ್ಯಾಂಪಲ್ ಅಗಲ ಆಗ್ತದೆ, ಅದರ ಏರಿಯಾ ಕರೆಕ್ಷನ್ ಮರೆತವರನ್ನು ತುಂಬ ನೋಡಿದ್ದೇನೆ, ಹಾಗಾಗಿ ಲೆಕ್ಕ ಮಾಡಿಯೇ ತೋರಿಸ್ತೇನೆ, ಇದು ಬರೀ ಉದಾಹರಣೆಗೆ ತಕೊಂಡ ನಂಬರ್. 300 ಮಿ.ಮೀ. ಸ್ಯಾಂಪಲಿನ ಏರಿಯಾ 706.9 ಚದರ ಸೆ.ಮೀ. ಸ್ಯಾಂಪಲ್ ಉದ್ದದಲ್ಲಿ 10 ಪರ್ಸೆಂಟ್ ಕುಗ್ಗಿದೆ, ವಾಲ್ಯೂಮಲ್ಲಿ 2 ಪರ್ಸೆಂಟ್ ಉಬ್ಬಿದೆ, ಲೋಡು 30 ಕಿಲೋನ್ಯೂಟನ್. 706.9ನ್ನು 1.02ರಿಂದ ಗುಣಿಸಿ 0.90ರಿಂದ ಭಾಗಿಸಿದ್ರೆ ಈಗಿನ ಏರಿಯಾ 801. ಮೂಲ ಏರಿಯಾದಲ್ಲಿ ಭಾಗಿಸಿದವನಿಗೆ 424 ಕಿಲೋಪಾಸ್ಕಲ್ ಬರ್ತದೆ, ಸರಿ ಮಾಡಿದವನಿಗೆ 374. ಸೆಲ್ ಪ್ರೆಶರ್ 100 ಆದ್ರೆ, ಕೊಹಿಷನ್ ಇಲ್ಲ ಅಂತ ಇಟ್ಟುಕೊಂಡು, ಮೊದಲನೆಯವನ ಫ್ರಿಕ್ಷನ್ ಆಂಗಲ್ ಸುಮಾರು 43 ಡಿಗ್ರಿ, ಎರಡನೆಯವನದ್ದು 41. ಮರೆವಿಂದ ಎರಡು ಡಿಗ್ರಿ ಲಾಭ!

ಲೋಡಿನ ಗೆರೆಯ ಅಡಿಯಲ್ಲೇ ವಾಲ್ಯೂಮಿನ ಗೆರೆ ಬರೀರಿ, ಎರಡೂ ಒಂದೇ ಸ್ಟ್ರೇನ್ ಅಕ್ಷದಲ್ಲಿ. ಒತ್ತಾಗಿ ಕುಟ್ಟಿದ ಗಟ್ಟಿ ಗರಸು ಮೊದಲು ಚೂರು ಕುಗ್ಗಿ ಆಮೇಲೆ ಉಬ್ಬುತ್ತದೆ, ಉಬ್ಬುವ ವೇಗ ಅತಿ ಜಾಸ್ತಿ ಇರುವಲ್ಲೇ ಲೋಡಿನ ಶಿಖರ. ಸಡಿಲ ಇದ್ದದ್ದು ಉದ್ದಕ್ಕೂ ಕುಗ್ಗುತ್ತಾ ಹೋಗ್ತದೆ, ಶಿಖರವೇ ಇಲ್ಲ. ನಮ್ಮ ಮುರಕಲ್ಲಿನ ಗರಸು ಎಷ್ಟು ಒತ್ತಾಗಿ ಕುಟ್ಟಿದ್ರೂ ಸೆಲ್ ಪ್ರೆಶರ್ ಏರಿಸಿದಾಗ ಸಡಿಲ ಮಣ್ಣಿನ ಹಾಗೆ ವರ್ತಿಸ್ತದೆ, ಹತ್ತಬೇಕಾದ ಕಾಳು ಹತ್ತುವ ಬದಲು ಒಡೆದು ಕೂರ್ತದೆ. ಗಡಸುತನದಲ್ಲೂ ಹಾಗೆಯೇ, ಗಟ್ಟಿ ಕಾಳಿನ ಮಣ್ಣಲ್ಲಿ ಸೆಲ್ ಪ್ರೆಶರ್ ನಾಲ್ಕು ಪಟ್ಟಾದ್ರೆ ಮಾಡ್ಯುಲಸ್ ಹತ್ರ ಹತ್ರ ಎರಡು ಪಟ್ಟಾಗ್ತದೆ, ಒಡೆಯುವ ಗರಸಲ್ಲಿ ಅಷ್ಟು ಏರುವುದಿಲ್ಲ.

ಮೂರನೇ ಜರಡಿ

ಟೆಸ್ಟ್ ಮುಗಿದ ಕೂಡ್ಲೇ ಮಣ್ಣನ್ನು ಹಿತ್ತಿಲಿಗೆ ಚೆಲ್ಬೇಡಿ. ಇಡೀ ಸ್ಯಾಂಪಲ್ ತೊಳೆದು ಜರಡಿ ಹಿಡೀರಿ. ಉದಾಹರಣೆಗೆ ಕುಟ್ಟಿದ ಮೇಲೆ 10 ಮತ್ತು 20ರ ನಡುವಿನದ್ದು 30 ಪರ್ಸೆಂಟ್ ಇದ್ದದ್ದು ಈಗ 24, 4.75 ಮತ್ತು 10ರ ನಡುವಿನದ್ದು 28 ಇದ್ದದ್ದು 26, ಅದಕ್ಕಿಂತ ಸಣ್ಣದೆಲ್ಲ ಅಷ್ಟಕ್ಕಷ್ಟು ಜಾಸ್ತಿಯಾಗಿದೆ ಅಂತ ಇಟ್ಟುಕೊಳ್ಳಿ. ಕಡಿಮೆಯಾದ 6 ಮತ್ತು 2 ಕೂಡಿಸಿದ್ರೆ 8 ಪರ್ಸೆಂಟ್, ಮಾರ್ಸಾಲ್ 1967ರಲ್ಲಿ ಹೇಳಿದ ಬ್ರೇಕೇಜ್ ಲೆಕ್ಕ ಇಷ್ಟೇ. ಇದನ್ನು ಮೂರು ಸೆಲ್ ಪ್ರೆಶರಿಗೂ ಮಾಡಿ ಪಕ್ಕ ಪಕ್ಕ ಬರೆದ್ರೆ ಯಾವ ಒತ್ತಡದಿಂದ ಮೇಲೆ ಕಾಳು ಸೋಲ್ಲಿಕ್ಕೆ ಶುರುವಾಗ್ತದೆ ಅಂತ ಕಾಣ್ತದೆ. ಸೈಟಿನ ಒತ್ತಡ ಅದಕ್ಕಿಂತ ಕೆಳಗಿದ್ರೆ ನೆಮ್ಮದಿ, ಮೇಲಿದ್ರೆ ಎಷ್ಟು ರೋಲರ್ ಓಡಿಸಿದ್ರೂ ಫಿಲ್ಲಿಂಗ್ ವರ್ಷಗಟ್ಟಲೆ ಮೆಲ್ಲ ಮೆಲ್ಲ ಕೂರ್ತಾ ಇರ್ತದೆ.

ಮಳೆಗಾಲದ್ದು ಬೇರೆ ನೋಡ್ಬೇಕು

ಟ್ರಯಾಕ್ಸಿಯಲಲ್ಲಿ ಮೊದಲೇ ನೀರು ತುಂಬಿಸ್ತೇವೆ, ಆದ್ರೆ ಸೈಟಲ್ಲಿ ಫಿಲ್ಲಿಂಗ್ ಮಾಡುವುದು ಫೆಬ್ರವರಿ ಮಾರ್ಚಲ್ಲಿ, ಮಣ್ಣು ಅರೆ ಒಣಗಿರ್ತದೆ, ಮೇಲೆ ಕಟ್ಟಡದ ಲೋಡು ಬಂದಾಗಿರ್ತದೆ, ಆಮೇಲೆ ಜೂನಲ್ಲಿ ನೀರು ಇಳೀತದೆ. ಆಗ ಲೋಡು ಒಂಚೂರೂ ಹೆಚ್ಚದೆ ನೆಲ ಕುಸಿದು ಕೂರ್ತದೆ. ಒದ್ದೆಯಾದ ಕಾಳಿನ ಮೂಲೆ ಮೆದುವಾಗಿ ಒಡೀತದೆ, ಕಾಳನ್ನು ಹಿಡಿದಿದ್ದ ಒಣ ಜೇಡಿ ಸಡಿಲಾಗ್ತದೆ. ಇದನ್ನು ನೋಡ್ಲಿಕ್ಕೆ ದೊಡ್ಡ ಈಡೋಮೀಟರ್ (ಬದಿಗೆ ಹರಡದ ಹಾಗೆ ರಿಂಗಲ್ಲಿ ಹಿಡಿದು ಒತ್ತುವ ಮಷೀನು) ಬೇಕು, 20 ಮಿ.ಮೀ. ದಪ್ಪದ ಮಾಮೂಲಿ ರಿಂಗಲ್ಲಿ ಗರಸು ಹಿಡಿಯುವುದೇ ಇಲ್ಲ. ಇಲ್ಲದವರು 150 ಮಿ.ಮೀ. ಸಿಬಿಆರ್ ಮೋಲ್ಡಲ್ಲಿ ಒಳಗೋಡೆಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾಡ್ಬಹುದು, ಗೋಡೆಯ ಫ್ರಿಕ್ಷನ್ ಸ್ವಲ್ಪ ಲೋಡು ತಿಂತದೆ, ನಂಬರ್ ಅಂದಾಜಿಗೆ ಮಾತ್ರ. ಸೈಟಿನ ತೇವದಲ್ಲೇ ಕುಟ್ಟಿ, 25, 50, 100 ಕಿಲೋಪಾಸ್ಕಲ್ ಹೀಗೆ ಬೇಕಾದ ಲೋಡಿನ ತನಕ ಏರಿಸಿ, ಗೇಜ್ ನಿಂತ ಮೇಲೆ ಕೆಳಗಿಂದ ನೀರು ಬಿಡಿ, ಒಂದು ದಿನ ಓದ್ತಾ ಇರಿ. ನೀರು ಬಿಟ್ಟ ಮೇಲೆ ಕೂತದ್ದನ್ನು ಬೇರೆಯೇ ಬರೀರಿ, ಒಟ್ಟು ಲೆಕ್ಕದಲ್ಲಿ ಮುಳುಗಿಸ್ಬೇಡಿ. ಓನರಿಗೆ ಬೇಕಾದ ನಂಬರ್ ಅದೇ, ಗೋಡೆ ಬಿರುಕು ಬಿಡುವುದು ಅದರಿಂದಲೇ.

ಅಡಿಯಲ್ಲಿ ಶೇಡಿ ಉಂಟಾ ಅಂತಲೂ ಕೇಳಿ. ಗರಸಿನ ಟೆಸ್ಟ್ ಎಷ್ಟು ಚಂದ ಬಂದ್ರೂ ಕೆಳಗಿನ ಶೇಡಿ ನೀರು ಕುಡಿದು ಮೆತ್ತಗಾದ್ರೆ ಮೇಲಿನದ್ದು ಎಂತಕ್ಕೂ ಆಗುದಿಲ್ಲ, ಅದಕ್ಕೆ ಬೇರೆ ಸ್ಯಾಂಪಲ್ ಬೇರೆ ಟೆಸ್ಟ್.

ದೊಡ್ಡ ಟ್ರಯಾಕ್ಸಿಯಲ್ ಸಿಗದವರಿಗೆ 300 ಮಿ.ಮೀ. ಚೌಕದ ಡೈರೆಕ್ಟ್ ಶಿಯರ್ ಬಾಕ್ಸ್ (ಮೇಲಿನ ಅರ್ಧವನ್ನು ಕೆಳಗಿನ ಅರ್ಧದ ಮೇಲೆ ಜಾರಿಸುವ ಪೆಟ್ಟಿಗೆ) ಉಂಟು, ಐಎಸ್ 2720ರ 39ನೇ ಭಾಗ ಗರಸಿಗೇ ಮೀಸಲು. ಒಂದು ಪಾಯಿಂಟಿಗೆ ಮಣ್ಣು ಸುಮಾರು ಮೂವತ್ತು ಕೆ.ಜಿ. ಸಾಕು, ಒಂದು ದಿನದಲ್ಲಿ ಮೂರು ಪಾಯಿಂಟ್ ಮುಗೀತದೆ, ಆಂಗಲ್ ಸಿಗ್ತದೆ, ಮಾಡ್ಯುಲಸ್ ಮಾತ್ರ ಅದರಿಂದ ಕೇಳ್ಬೇಡಿ. ಸಿಬಿಆರ್ ಅಂತೂ 50 ಮಿ.ಮೀ. ಪಿಸ್ಟನ್ನಿನ ಅಡಿಗೆ ಒಂದು 20 ಮಿ.ಮೀ. ಕಲ್ಲು ಸಿಕ್ಕಿದ್ರೆ ಆಕಾಶಕ್ಕೆ ಹೋಗ್ತದೆ, ಮೂರು ಮೋಲ್ಡ್ ಮಾಡಿ ಒಂದು ದಾರಿ ತಪ್ಪಿದ್ರೆ ಆ ಮೋಲ್ಡನ್ನು ಕೊರೆದು ಪಿಸ್ಟನ್ನಿನ ಅಡಿ ಎಂತ ಇತ್ತು ಅಂತ ನೋಡಿ.

ರಿಪೋರ್ಟಲ್ಲಿ ಆಂಗಲ್ ಮತ್ತೆ ಮಾಡ್ಯುಲಸ್ಸಿನ ಜೊತೆ ಇಷ್ಟು ಬರೀರಿ: ಸೈಟಲ್ಲಿದ್ದ ದೊಡ್ಡ ಕಲ್ಲು ಎಷ್ಟು, ಟೆಸ್ಟಲ್ಲಿ ಹಾಕಿದ್ದು ಎಷ್ಟು, ಬದಲಿ ಹಾಕಿದ ತೂಕ ಎಷ್ಟು, ಹೇಗೆ ಒಣಗಿಸಿದ್ರಿ, ಡೆನ್ಸಿಟಿ ಎಷ್ಟು, ಮೂರೂ ಜರಡಿಯ ಗೆರೆ ಒಂದೇ ಹಾಳೆಯಲ್ಲಿ. ಮತ್ತೆ ಅವತ್ತೇ ಸೆಲ್ಲಿನ ಡ್ರೈನೇಜ್ ಲೈನಿಗೆ ನೀರು ಹೊಡೆದು ಕೆಂಪು ಹೋಗುವ ತನಕ ತೊಳೀರಿ, ಪೋರಸ್ ಸ್ಟೋನನ್ನು ಹತ್ತು ನಿಮಿಷ ಕುದಿಸಿ ನೀರಲ್ಲೇ ಮುಳುಗಿಸಿ ಇಡಿ, ನಾಳೆ ಮಾಡುವ ಅಂತ ಬಿಟ್ಟರೆ ಮುರಕಲ್ಲಿನ ಜೇಡಿ ಅದರಲ್ಲಿ ಕಚ್ಚಿ ಒಣಗಿದ್ದು ಮತ್ತೆ ಬಿಡುವುದಿಲ್ಲ.